ತೊಳೆಯದೆ ಬಿಟ್ಟ ಔಷಧ

"ನನ್ನ ಗುರುತು ಉಂಟಲ್ವಾ, ಲಿಯೋನೆಲ್?"

ಮಣಿಪಾಲದ ಲ್ಯಾಬಿನ ಬಾಗಿಲಲ್ಲಿ ನಿಂತವಳನ್ನು ಕಂಡು ಲಿಯೋನೆಲ್ ಬ್ಯಾಕ್ಟೀರಿಯಾ ಬೆಳೆಸುವ ಗಾಜಿನ ಪ್ಲೇಟನ್ನು ಮೇಜಿನ ಮೇಲಿಟ್ಟು ಎದ್ದು ನಿಂತ. ಪ್ರೆಸಿಲ್ಲಾ! ಮೂರು ವರ್ಷವಾದ ಮೇಲೆ...

ಗಾಬರಿಯಾಗಲಿ, ಎಂದುಕೊಂಡಳು ಅವಳು.

೧೯೭೫ರಲ್ಲಿ ಇದೇ ಮೇಜಿನಲ್ಲಿ, ಪೆನಿಸಿಲಿನ್ ಹಾಕಿದರೂ ಸಾಯದೆ ಉಳಿದ ಕೆಲವು ಬ್ಯಾಕ್ಟೀರಿಯಾಗಳನ್ನು ಅವಳು ಕಂಡಿದ್ದಳು. ಅದೇ ಪ್ರಯೋಗವನ್ನು ಮತ್ತೆ ಮಾಡಿ ನೋಡಿದ ಲಿಯೋನೆಲ್, "ನನಗೆ ಒಂದೂ ಉಳಿಯಲಿಲ್ಲ ಸರ್. ಅವರದ್ದರಲ್ಲಿ ಹೊರಗಿನದ್ದೇನೋ ಬಿದ್ದಿರಬೇಕು" ಎಂದು ಪ್ರೊಫೆಸರರಿಗೆ ಹೇಳಿದ. ಅವಳಲ್ಲಿ ಮದುವೆಯ ಮಾತಾಡಿದ್ದ ಅದೇ ಬಾಯಿಯಲ್ಲಿ! ಅವಳ ಕೆಲಸ ಹೋಯಿತು, ಹೆಸರೂ ಹೋಯಿತು. ಶಂಕರಪುರದ ಮನೆಯಲ್ಲಿ ಮಲ್ಲಿಗೆ ಕಟ್ಟುತ್ತಾ ಅವಳು ಒಂದೊಂದು ಗಂಟಿಗೂ ಒಂದೊಂದು ಶಾಪ ಹಾಕಿದಳು.

ಒಂದು ದಿನ ಅಮ್ಮ ಗದರಿದರು. "ಮೀನು ಮುಟ್ಟಿದ ಕೈಯಲ್ಲಿ ಹೂವು ಮುಟ್ಟಬೇಡ. ತೊಳೆದು ಬಾ."

ಥಟ್ಟನೆ ಹೊಳೆಯಿತು. ತಾನು ತೊಳೆದಂತೆ ಲಿಯೋನೆಲ್ ತೊಳೆದಿರಲಿಕ್ಕಿಲ್ಲ! ಬ್ಯಾಕ್ಟೀರಿಯಾವನ್ನು ತೊಳೆಯದೆ ಪ್ಲೇಟಿಗೆ ಹಾಕಿದರೆ ಔಷಧವೂ ಜೊತೆಗೆ ಹೋಗುತ್ತದೆ; ಬದುಕಿ ಉಳಿದದ್ದೂ ಬೆಳೆಯುವುದಿಲ್ಲ.

ಎಲ್ಲರ ಮುಂದೆ ಅದನ್ನು ತೋರಿಸಿ ಅವನ ಮುಖಕ್ಕೆ ಮಸಿ ಬಳಿಯಬೇಕೆಂದೇ ಪ್ರೊಫೆಸರರಿಂದ ಒಂದು ವಾರದ ಅನುಮತಿ ಪಡೆದು ಬಂದಿದ್ದಳು.

"ನನ್ನ ಆ ಬ್ಯಾಕ್ಟೀರಿಯಾ ಎಸೆದಾಗಿರಬೇಕಲ್ವಾ?"

ಲಿಯೋನೆಲ್ ಫ್ರಿಜ್ಜಿನಿಂದ ಒಂದು ಟ್ಯೂಬು ತಂದಿಟ್ಟ. ಅದರ ಮೇಲೆ ಅವಳದೇ ಹೆಸರು.

"ಎಸೆಯಲು ಹೇಳಿದ್ದರು. ತಿಂಗಳಿಗೊಮ್ಮೆ ಹೊಸ ಟ್ಯೂಬಿಗೆ ಹಾಕಿ ಸಾಕಿದ್ದೇನೆ."

"ಎಂತಕ್ಕೆ?"

"ನೀವು ಸುಳ್ಳು ಹೇಳುವವರಲ್ಲ. ನನ್ನ ತಪ್ಪು ಎಲ್ಲುಂಟು ಅಂತ ಮಾತ್ರ ಸಿಗಲಿಲ್ಲ."

ಕರಗಬಾರದು... ಹಲ್ಲು ಕಚ್ಚಿ ಅವಳು ಕೆಲಸಕ್ಕೆ ಕೂತಳು. ಪೆನಿಸಿಲಿನ್ ಹಾಕಿ ಕೆಲವು ಗಂಟೆ ಬಿಟ್ಟು, ಉಪ್ಪುನೀರಿನಲ್ಲಿ ಮೂರು ಸಲ ತೊಳೆದು ಒಂದು ಪ್ಲೇಟಿಗೆ ಹಾಕಿದಳು, ತೊಳೆಯದ್ದನ್ನು ಇನ್ನೊಂದಕ್ಕೆ. ಮರುದಿನ ತೊಳೆಯದ ಪ್ಲೇಟು ಖಾಲಿ. ತೊಳೆದದ್ದರಲ್ಲಿ, ಬದುಕಿ ಉಳಿದು ಬೆಳೆದ ಬ್ಯಾಕ್ಟೀರಿಯಾದ ಹನ್ನೊಂದು ಚುಕ್ಕೆಗಳು! ಅವನ್ನು ಬೆಳೆಸಿ ಮತ್ತೆ ಪೆನಿಸಿಲಿನ್ ಕೊಟ್ಟಳು. ಹೆಚ್ಚಿನವು ಸತ್ತು, ಮತ್ತೆ ಕೆಲವೇ ಉಳಿದವು. ಪೆನಿಸಿಲಿನ್ನಿಗೆ ಬಗ್ಗದ ಹೊರಗಿನದ್ದಾಗಿದ್ದರೆ ಎಲ್ಲವೂ ಉಳಿಯಬೇಕಿತ್ತು; ಇದು ಅದೇ ಬ್ಯಾಕ್ಟೀರಿಯಾ.

ಶನಿವಾರದ ಸಭೆಯಲ್ಲಿ ಎರಡೂ ಪ್ಲೇಟುಗಳನ್ನಿಟ್ಟು ಅವಳು ಬಾಯಿ ತೆರೆಯುವ ಮೊದಲೇ ಲಿಯೋನೆಲ್ ಎದ್ದು ನಿಂತ.

"ತೊಳೆಯದೆ ಹಾಕಿದವ ನಾನು ಸರ್. ಪ್ರೆಸಿಲ್ಲಾ ಹೇಳಿದ್ದು ಅಂದೂ ಸರಿ. ಅವರ ಕೆಲಸ ಕಳೆದವನೂ ನಾನೇ."

ಅವಳು ಮೂರು ವರ್ಷ ಮಸೆದಿಟ್ಟಿದ್ದ ಮಾತುಗಳಿಗೆ ಕೆಲಸವೇ ಉಳಿಯಲಿಲ್ಲ. ಸೋಮವಾರದಿಂದ ಕೆಲಸಕ್ಕೆ ಬರುವಂತೆ ಪ್ರೊಫೆಸರರು ಹೇಳಿದ್ದೂ ಸರಿಯಾಗಿ ಕೇಳಿಸಲಿಲ್ಲ.

ಬಸ್ ಸ್ಟ್ಯಾಂಡಿನವರೆಗೂ ಅವನು ಹಿಂದೆ ಬಂದ.

"ಸಿಟ್ಟು ಹೋಯಿತಾ?"

"ಪೂರ್ತಿ ಇಲ್ಲ. ಹನ್ನೊಂದು ಉಳಿದುಂಟು."

"ಮೂರು ಸಲ ತೊಳೆದರೆ?"

"ತೊಳೆದರೆ ಅದು ಬೆಳೆಯುವುದಲ್ವಾ, ಮಾರಾಯ್ರೆ?" ಮೂರು ವರ್ಷದಲ್ಲಿ ಮೊದಲ ಸಲ ಅವಳು ನಕ್ಕಳು. ಕಣ್ಣೂ ತುಂಬಿತು.

"ಹಾಗಾದರೆ ಇರಲಿ. ಅದನ್ನೂ ತಿಂಗಳಿಗೊಮ್ಮೆ ನೋಡಿ ಸಾಕುತ್ತೇನೆ."

"ತಿಂಗಳಿಗೊಮ್ಮೆ ಸಾಲದು," ಎಂದಳು ಪ್ರೆಸಿಲ್ಲಾ. "ದಿನಾ ನೋಡಬೇಕು."