ಟಟಲ್ ರ‍್ಯಾಂಚಿನ ಖಾಲಿ ತೋಟಾ

ಏಪ್ರಿಲ್ ಹನ್ನೊಂದು, ಶನಿವಾರ ಬೆಳಗ್ಗೆ ಏಳೂಕಾಲಕ್ಕೆ ಕೇಲ್ ಕೌಂಟಿಯ ಶೆರಿಫ್ ಠಾಣೆಗೆ ದೂರು ಬಂತು. ಟಟಲ್ ರ‍್ಯಾಂಚಿನಲ್ಲಿ ಕಾಡು ಟರ್ಕಿ ಕೋಳಿಯ ಬೇಟೆಗೆ ಹೋಗಿದ್ದ ಗಿರಾಕಿಯೊಬ್ಬನ ಗುಂಡು ಅವನ ಗೈಡ್‌ನ ಮುಖಕ್ಕೇ ಬಿದ್ದಿದೆ. ದೂರು ಕೊಟ್ಟವನು ಬೇರೆ ಯಾರೂ ಅಲ್ಲ, ಗುಂಡು ಹೊಡೆದವನೇ. "ನಾನೇ ಹೊಡೆದೆ, ಬೇಗ ಬನ್ನಿ" ಎಂದು ಫೋನಿನಲ್ಲಿ ಅಳುತ್ತಿದ್ದ.

ತನಿಖಾಧಿಕಾರಿ ಇನೆಜ್ ಬರ್ರೆರಾ ತಿನ್ನುತ್ತಿದ್ದ ಮೊಟ್ಟೆಯ ಟಾಕೋವನ್ನು ಕಾಗದದಲ್ಲಿ ಸುತ್ತಿ ಜೇಬಿಗೆ ತುರುಕಿಕೊಂಡಳು. ವಸಂತ ಬಂತೆಂದರೆ ಟೆಕ್ಸಾಸಿನ ಆ ಮೂಲೆಗೆ ಪಟ್ಟಣದವರ ದಂಡೇ ಬರುತ್ತದೆ. ಎಲೆಬಣ್ಣದ ಬಟ್ಟೆ ತೊಟ್ಟು ಪೊದೆಯೊಳಗೆ ಕೂತವರು ಒಬ್ಬರಿಗೊಬ್ಬರು ಕಾಣುವುದಿಲ್ಲ, ಹೊಡೆದುಕೊಳ್ಳುತ್ತಾರೆ. ಹೋದ ವರ್ಷ ಒಬ್ಬನ ತೊಡೆ, ಅದರ ಹಿಂದಿನ ವರ್ಷ ಇನ್ನೊಬ್ಬನ ಭುಜ. ಪ್ರತಿ ಸಲವೂ ಅದೇ ಅಳು, ಅದೇ ಕಾಗದಪತ್ರ. ಅವಳಿಗೆ ಸಾಕುಸಾಕಾಗಿ ಹೋಗಿತ್ತು.

ಅವಳೂ ಡೆಪ್ಯುಟಿ ಡ್ವೇನ್ ಪಿಕೆಟ್‌ನೂ ಸ್ಥಳಕ್ಕೆ ಹೋಗುವಷ್ಟರಲ್ಲಿ ಆಂಬುಲೆನ್ಸ್ ಗಾಯಾಳುವನ್ನು ಕರೆದೊಯ್ದಿತ್ತು. ಗಾಯಾಳು ಟ್ರೇಸ್ ಮ್ಯಾಬ್ರಿ, ಟಟಲ್ ರ‍್ಯಾಂಚಿನಲ್ಲಿ ಬೇಟೆಯ ಹಕ್ಕು ಗುತ್ತಿಗೆ ಹಿಡಿದ ಗೈಡ್. ಗಿರಾಕಿ ಕರ್ಟಿಸ್ ಅಲ್‌ಬ್ರಿಟನ್, ಹ್ಯೂಸ್ಟನ್ನಿನ ದಂತವೈದ್ಯ. ಅವನು ಪಿಕಪ್ ಗಾಡಿಯ ಹಿಂಬದಿಯಲ್ಲಿ ಕೂತು ಅಳುತ್ತಿದ್ದ. ರ‍್ಯಾಂಚಿನ ಯಜಮಾನ, ದನ ಸಾಕಿ ಬದುಕುವ, ಎಪ್ಪತ್ತು ದಾಟಿದ ಲೈಮನ್ ಟಟಲ್, ಅವನ ಹೆಗಲ ಮೇಲೆ ಕೈಯಿಟ್ಟು ನಿಂತಿದ್ದ.

"ಎಷ್ಟು ಗುಂಡು ಹೊಡೆದ್ರಿ?" ಇನೆಜ್ ಕೇಳಿದಳು.

"ಒಂದೇ, ಮೇಡಂ."

"ಎಲ್ಲಿ ಕೂತಿದ್ರಿ?"

"ಆ ಮೆಸ್ಕೀಟ್ ಮರಕ್ಕೆ ಒರಗಿ. ಟ್ರೇಸ್ ನನ್ನನ್ನ ಅಲ್ಲಿ ಕೂರಿಸಿ, ಆ ಕಡೆ ಪೊದೆಗೆ ಹೋಗಿ ಹೆಣ್ಣು ಟರ್ಕಿ ಥರ ಕೂಗ್ತೀನಿ, ಹುಂಜ ನಿಮ್ಮ ಮುಂದೇನೇ ಹಾದು ಬರುತ್ತೆ ಅಂದ."

"ಬಂತಾ?"

"ಬಂತು. ಹೊಡೆದೆ, ಬಿತ್ತು. ಅದರ ಬೆನ್ನಿಗೇ ಅವನ ಕಿರುಚಾಟ." ವೈದ್ಯ ತನ್ನ ಎರಡೂ ಅಂಗೈ ಚಾಚಿ ತೋರಿಸಿದ. "ನೋಡಿ, ನಡುಕ ನಿಲ್ತಾನೇ ಇಲ್ಲ. ಈ ಕೈಲಿ ಇನ್ನೊಬ್ಬರ ಬಾಯೊಳಗೆ ಹೆಂಗೆ ಕೆಲಸ ಮಾಡ್ಲಿ ನಾನು?"

"ಬಿಡಮ್ಮ ಇನೆಜ್," ಟಟಲ್ ಹೇಳಿದ. ಅವಳಪ್ಪ ಅವನ ರ‍್ಯಾಂಚಿನ ಬೇಲಿ ಕಟ್ಟುತ್ತಿದ್ದ ಕಾಲದಿಂದ ಅವನು ಅವಳನ್ನು ಬಲ್ಲ. "ಬೇಕು ಅಂತ ಮಾಡಿದ್ನಾ, ಪಾಪ. ಆಗಿದ್ದು ಆಗಿ ಹೋಯ್ತು."

ಡ್ವೇನ್ ಸ್ಥಳ ಮಹಜರು ಬರೆಯತೊಡಗಿದ. ಸತ್ತ ಹುಂಜ ಒಂದು, ರಕ್ತ ಬಿದ್ದ ಹುಲ್ಲು, ವೈದ್ಯನ ಕೋವಿ. ಆ ಕೋವಿ ಹೊಡೆದ ತಕ್ಷಣ ಖಾಲಿ ತೋಟಾವನ್ನು ಬಲಕ್ಕೆ ಉಗುಳುವ ಜಾತಿಯದು. ಮರದ ಬಲಗಡೆ ಇಬ್ಬರೂ ಮಂಡಿಯೂರಿ ಹುಡುಕಿದರು. ಮೋಟು ಹುಲ್ಲು, ಬರಿಯ ಕೆಮ್ಮಣ್ಣು. ಬೆರಳುದ್ದದ ತೋಟಾ ಬಿದ್ದಿದ್ದರೆ ಕಣ್ಣಿಗೆ ರಾಚಬೇಕಿತ್ತು. ಇರಲಿಲ್ಲ.

"ನೀವು ಎತ್ಕೊಂಡ್ರಾ?"

"ಅವನು ಅಲ್ಲಿ ರಕ್ತ ಸುರಿಸ್ಕೊಂಡು ಬಿದ್ದಿದ್ದ ಮೇಡಂ. ನಾನು ತೋಟಾ ಹುಡುಕ್ತಾ ಕೂರ್ಲಾ?"

"ಕಾಗೆ ಎತ್ಕೊಂಡು ಹೋಗಿರ್ಬೇಕು," ಎಂದ ಡ್ವೇನ್.

"ಸಿಗಲಿಲ್ಲ ಅಂತ ಬರ್ಕೋ. ಕಾಗೆ ವಿಷಯ ಬರೀಬೇಡ."

ಮಧ್ಯಾಹ್ನ ಶೆರಿಫ್ ಸಾಹೇಬರು ಇದನ್ನು ಆಕಸ್ಮಿಕವೆಂದು ಮುಗಿಸಲು ಹೇಳಿದರು. ಹೊಡೆದವನು ಒಪ್ಪಿಕೊಂಡಿದ್ದಾನೆ, ಇನ್ನೇನು ಬೇಕು? ಬೀಸುವ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯುಷ್ಯ ಎನ್ನುವ ಜಾಯಮಾನ ಅವರದು. ಇನೆಜ್‌ಗೂ ಮುಗಿಸುವ ಆಸೆಯೇ ಇತ್ತು. ಆದರೆ ಆ ತೋಟಾ ಹಲ್ಲಿನ ಸಂದಿಗೆ ಸಿಕ್ಕ ನಾರಿನ ಹಾಗೆ ಕಾಡುತ್ತಿತ್ತು.

ಸೋಮವಾರ ಆಸ್ಪತ್ರೆಗೆ ಹೋದಳು. ವಾರ್ಡಿನ ಹೊರಗೆ ದಂತವೈದ್ಯ ಕೂತಿದ್ದ. ಶನಿವಾರದಿಂದ ಊರಿಗೇ ಹೋಗಿಲ್ಲವಂತೆ. ಗಡ್ಡ ಬೆಳೆದಿತ್ತು. "ಬಲಗಣ್ಣು ಹೋಯ್ತಂತೆ ಮೇಡಂ," ಎಂದಷ್ಟೇ ಹೇಳಿ ತಲೆ ತಗ್ಗಿಸಿದ.

ಶಸ್ತ್ರಚಿಕಿತ್ಸೆ ಮಾಡಿದ ಡಾಕ್ಟರು ಮ್ಯಾಬ್ರಿಯ ಮುಖದಿಂದ ತೆಗೆದ ಚರೆಗಳನ್ನು, ಅಂದರೆ ತೋಟಾದೊಳಗಿನ ಸಣ್ಣ ಗುಂಡುಗಳನ್ನು, ಸಣ್ಣ ಸೀಸೆಯಲ್ಲಿ ಹಾಕಿ ಕೊಟ್ಟರು. ಇನೆಜ್ ಠಾಣೆಗೆ ಬಂದು, ವೈದ್ಯನಿಂದ ವಶಪಡಿಸಿಕೊಂಡ ತೋಟಾಗಳಲ್ಲಿ ಒಂದನ್ನು ಕೊಯ್ದು ಮೇಜಿನ ಮೇಲೆ ಸುರಿದಳು. ಅವನವು ಸಾಸಿವೆ ಗಾತ್ರದ, ಒತ್ತಿದರೂ ಬಾಗದ ಟಂಗ್‌ಸ್ಟನ್ ಚರೆ. ಸೀಸೆಯಲ್ಲಿದ್ದವು ಸಣ್ಣ ಮೆಣಸಿನ ಕಾಳಿನಷ್ಟು ದಪ್ಪ. ಇಕ್ಕಳದಲ್ಲಿ ಒತ್ತಿದರೆ ಚಪ್ಪಟೆಯಾದವು. ಸೀಸ.

"ಹಂಗಾದ್ರೆ ಇನ್ನೊಂದು ಕೋವಿ ಇತ್ತು," ಎಂದ ಡ್ವೇನ್.

"ಇತ್ತು. ಇವನು ಹೊಡೆಯೋದನ್ನೇ ಕಾಯ್ತಾ ಇತ್ತು. ಎರಡು ಸದ್ದು ಒಂದರಲ್ಲೊಂದು ಸೇರಿಹೋಯ್ತು."

ಅವತ್ತು ಅವರಿಬ್ಬರನ್ನು ಬಿಟ್ಟರೆ ಹತ್ತಿರದಲ್ಲಿದ್ದವನು ಯಜಮಾನ ಒಬ್ಬನೇ. ಅವಳು ಮತ್ತೆ ಆಸ್ಪತ್ರೆಗೆ ಹೋಗಿ ಮ್ಯಾಬ್ರಿಯ ಮಂಚದ ಪಕ್ಕ ಕುರ್ಚಿ ಎಳೆದುಕೊಂಡಳು.

"ಬೇಟೆಗೆ ಟಟಲ್ ಏನಾದ್ರೂ ಷರತ್ತು ಹಾಕಿದ್ರಾ?"

"ಎಲ್ಲಾದ್ರೂ ಹೊಡ್ಕೊ, ಮನೆ ಮುಂದಿನ ಹಳ್ಳದ ಮರಗಳ ಹತ್ರ ಮಾತ್ರ ಹೋಗ್ಬೇಡ ಅಂದಿದ್ರು. ರಾತ್ರಿ ಟರ್ಕಿಗಳು ಮಲಗೋ ಮರ."

"ಹೋದ್ಯಾ?"

ಅವನು ಮುಖಕ್ಕೆ ಕಟ್ಟಿದ ಪಟ್ಟಿಯ ಅಂಚು ಕೆದಕಿದ.

"ಟ್ರೇಸ್. ಹೋದ್ಯಾ?"

"ಸೀಸನ್ ಶುರುವಿನಲ್ಲಿ. ಗಿರಾಕಿಗಳಿಗೆ ಎರಡು ದಿನ ಏನೂ ಸಿಕ್ಕಿರ್ಲಿಲ್ಲ. ಬರಿಗೈಲಿ ಹೋದವರು ಮತ್ತೆ ಬರ್ತಾರಾ?"

"ಕೊಂಬೆ ಮೇಲೆ ಮಲಗಿದ್ದ ಹಕ್ಕಿಗೆ ಹೊಡೆಸಿದೆ."

ಅವನು ಗೋಡೆಯ ಕಡೆ ತಿರುಗಿಕೊಂಡ. ಆ ಸೀಮೆಯಲ್ಲಿ ಇದು ನಾಲ್ಕು ಜನರ ಮುಂದೆ ಹೇಳಿಕೊಳ್ಳುವ ಕೆಲಸವಲ್ಲ. ಮಲಗುವ ಮರದಲ್ಲಿ ಗುಂಡು ಬಿದ್ದರೆ ಇಡೀ ಹಿಂಡು ಆ ಮರಕ್ಕೆ ಬೆನ್ನು ಹಾಕಿ ಎತ್ತಲೋ ಹೋಗಿಬಿಡುತ್ತದೆ. ಅಲ್ಲಿನ ಬೇಟೆಗಾರರು ಕುಡಿದು ಕೆಟ್ಟರೂ ಮಲಗುವ ಮರದ ಕಡೆ ಕೋವಿ ಎತ್ತುವುದಿಲ್ಲ.

ಸಂಜೆ ಏಳಕ್ಕೆ ಇನೆಜ್ ಮತ್ತು ಡ್ವೇನ್ ಬಂದ ಗಾಡಿ ಟಟಲ್ ಮನೆಯ ಮುಂದೆ ನಿಂತಿತು. ಜಗಲಿಯಲ್ಲಿ ಅವನ ಪಕ್ಕ ಮಗಳು ಓಪಲ್ ಕೂತಿದ್ದಳು. ಹತ್ತೊಂಬತ್ತನೇ ವಯಸ್ಸಿನಲ್ಲಿ ಕುದುರೆಯಿಂದ ಬಿದ್ದು ತಲೆಗೆ ಪೆಟ್ಟಾಗಿ ಮಾತು ಹೋಗಿತ್ತು. ಈಗ ಮೂವತ್ತು ದಾಟಿದ್ದಳು, ತಲೆಗೂದಲಲ್ಲಿ ಒಂದೆರಡು ನರೆ.

"ನಿಮ್ಮ ಗಾಡಿ ನೋಡ್ಬಹುದಾ, ಟಟಲ್ ಅವ್ರೇ? ಬೇಡ ಅಂದ್ರೆ ಕೋರ್ಟಿಂದ ಆದೇಶ ತರ್ತೀನಿ."

"ನೋಡಮ್ಮ. ಬೀಗ ಹಾಕಿಲ್ಲ."

ಸೀಟಿನ ಕೆಳಗೆ ಕಾಫಿಪುಡಿಯ ಹಳೇ ಡಬ್ಬಿ ಇತ್ತು. ತಂತಿಯ ಚೂರು, ಬಾಗಿದ ಮೊಳೆ, ಬಣ್ಣಗೆಟ್ಟ ಖಾಲಿ ತೋಟಾ. ನೆಲದಲ್ಲಿ ಕಂಡದ್ದನ್ನೆಲ್ಲ ದನ ಮೇವಿನ ಜೊತೆ ನುಂಗಿಬಿಡುತ್ತದೆ, ಹೊಟ್ಟೆ ಹರಿದು ಸಾಯುತ್ತದೆ. ಹಾಗಾಗಿ ದನ ಸಾಕುವವರು ಬಗ್ಗಿ ಬಗ್ಗಿ ಎತ್ತಿಕೊಳ್ಳುತ್ತಲೇ ಇರುತ್ತಾರೆ. ಡಬ್ಬಿಯ ಮೇಲ್ಗಡೆಯೇ ಹೊಳೆಯುವ ಹಳದಿ ತೋಟಾ ಒಂದು ಇತ್ತು, ವೈದ್ಯನ ಪೆಟ್ಟಿಗೆಯಲ್ಲಿದ್ದಂಥದೇ. ಅದಕ್ಕೆ ತಾಗಿಕೊಂಡು ಒಂದು ಕೆಂಪು ತೋಟಾ. ಡ್ವೇನ್ ಎರಡನ್ನೂ ಮಹಜರಿನಲ್ಲಿ ಬರೆದುಕೊಂಡ.

"ಈ ಹಳದಿ ಹೆಂಗೆ ಬಂತು?" ಇನೆಜ್ ಕೇಳಿದಳು.

ಟಟಲ್ ಟೋಪಿ ತೆಗೆದು ಮೊಣಕಾಲ ಮೇಲಿಟ್ಟುಕೊಂಡ. "ಆಂಬುಲೆನ್ಸ್ ಹೋದ್ಮೇಲೆ ಆ ಡಾಕ್ಟರ ಚೀಲ ತರೋಕೆ ಮರದ ಹತ್ರ ಹೋದೆ. ಕಂಡ್ತು, ಎತ್ಕೊಂಡೆ. ಕೈ ಮಾಡಿದ ಕೆಲಸ ಅದು, ತಲೆ ಮಾಡಿದ್ದಲ್ಲ." ಅವನು ಒಣಗಿದ ನಗು ನಕ್ಕ. "ಕೆಂಪು ನಂದು."

ಇನೆಜ್ ಅವನ ಹಕ್ಕುಗಳನ್ನು ಓದಿ ಹೇಳಿದಳು. ಸುಮ್ಮನಿರಬಹುದು, ವಕೀಲರನ್ನು ಕೇಳಬಹುದು. ಅವನು ಕೈಯಾಡಿಸಿದ. "ಅದೆಲ್ಲ ಆಮೇಲೆ. ಹೊತ್ತು ಮುಳುಗ್ತಾ ಇದೆ, ಕೂತ್ಕೊ. ನೀನೇ ಕಿವಿಯಾರೆ ಕೇಳು."

ಓಪಲ್ ಎದ್ದು ಜಗಲಿಯ ಅಂಚಿಗೆ ಬಂದಳು. ಹಳ್ಳದ ಮರಗಳ ಕಡೆ ಮುಖ ಮಾಡಿ, ಎದೆ ತುಂಬ ಉಸಿರೆಳೆದು, ಅರ್ಥವಿಲ್ಲದ ಒಂದು ಕೂಗು ಕೂಗಿದಳು. ನಿಂತು ಕಿವಿಗೊಟ್ಟಳು. ಮತ್ತೆ ಕೂಗಿದಳು.

ಟರ್ಕಿ ಹುಂಜದ ಬುದ್ಧಿಯೇ ಹಾಗೆ. ಗುಡುಗು, ಬಾಗಿಲು ಬಡಿದ ಸದ್ದು, ಯಾವುದಕ್ಕಾದರೂ ಸರಿ, ಮಲಗಿದ ಮರದಿಂದಲೇ ಗೊಳಗೊಳ ಎಂದು ಉತ್ತರ ಕೊಡುತ್ತದೆ.

"ಹದಿನಾಲ್ಕು ವರ್ಷದಿಂದ ಇವಳ ಮಾತಿಗೆ ಉತ್ತರ ಕೊಟ್ಟಿದ್ದು ಅವು ಮಾತ್ರ," ಎಂದ ಟಟಲ್. "ಇವಳು ಕೂಗೋಳು, ಅವು ಕೂಗೋವು, ಇವಳು ನಗೋಳು. ರಾತ್ರಿ ನೆಮ್ಮದಿಯಾಗಿ ಮಲಗೋಳು. ಆ ಬೇವರ್ಸಿ ಬಂದು ಮರಕ್ಕೇ ಹೊಡೆಸಿದ. ಅವತ್ತಿಂದ ಒಂದು ಹಕ್ಕಿ ಇಲ್ಲ. ಗಂಟಲು ಕಟ್ಟೋ ತನಕ ಕೂಗ್ತಾಳೆ. ಏನು ತಪ್ಪು ಮಾಡಿದೆ ಅನ್ನೋ ಹಂಗೆ ನನ್ನ ಮುಖ ನೋಡ್ತಾಳೆ."

"ಅವನನ್ನ ಕೇಳ್ಬಹುದಿತ್ತಲ್ಲ."

"ಕೇಳ್ದೆ. ಹಕ್ಕಿ ತಾನೇ, ಬೇರೆ ಬರ್ತಾವೆ ಅಂದ." ಟೋಪಿಯ ಅಂಚು ತಿರುವುತ್ತಾ ಹೇಳಿದ, "ಒಂದಿನ ಕೊಟ್ಟಿಗೆ ಹಿಂದೆ ನಿಂತು ನಾನೇ ಹುಂಜದ ಥರ ಕೂಗಿದೆ. ಹುಡುಕ್ಕೊಂಡು ಬಂದ್ಲು. ಬಂದು ನನ್ನ ಬಾಯಿ ಮೇಲೆ ಕೈ ಇಟ್ಲು. ಆಗ ತೀರ್ಮಾನ ಮಾಡ್ದೆ. ಕೊಲ್ಲಬೇಕು ಅಂತಾನೇ ಹೋಗಿದ್ದೆ, ಗುರಿ ಸರಿಯಾಗಿ ಕೂರ್ಲಿಲ್ಲ."

"ನಿಮ್ಮ ಕೈ ಕೆಳಗೆ ಕೂತು ಅಳ್ತಿದ್ನಲ್ಲ, ಆ ಡಾಕ್ಟರು? ಇನ್ನೂ ಆಸ್ಪತ್ರೆಲೇ ಕೂತಿದಾನೆ."

ಮುದುಕ ಮೊದಲ ಸಲ ಕಣ್ಣು ತಪ್ಪಿಸಿದ. "ಗುಂಡು ಅವನದಲ್ಲ ಅಂತ ಹೇಳ್ಬಿಡು ಅವನಿಗೆ."

ಓಪಲ್‌ಳನ್ನು ನೋಡಿಕೊಳ್ಳಲು ಪಕ್ಕದ ಊರಿನಿಂದ ಟಟಲ್‌ನ ತಂಗಿ ವರ್ನಾಳನ್ನು ಕರೆಸಿಕೊಂಡ ಮೇಲೆ ರಾತ್ರಿ ಒಂಬತ್ತಕ್ಕೆ ಅವನನ್ನು ಬಂಧಿಸಿದರು. ಇನೆಜ್ ಬೇಡಿ ಹಾಕಲಿಲ್ಲ. ಅಲ್ಲಿಂದಲೇ ದಂತವೈದ್ಯನಿಗೆ ಫೋನ್ ಮಾಡಿ, ಗುಂಡು ನಿಮ್ಮದಲ್ಲ ಎಂದು ತಿಳಿಸಿದಳು. ಆ ಕಡೆಯಿಂದ ಬಿಕ್ಕಿ ಬಿಕ್ಕಿ ಅಳುವುದು ಕೇಳಿಸಿತು.

ಕೊಲೆಯತ್ನದ ವರದಿಯಲ್ಲಿ ಕಾರಣ ಏನೆಂದು ಬರೆಯಬೇಕೋ ಅವಳಿಗೆ ಹೊಳೆಯಲಿಲ್ಲ. ಕೊನೆಗೆ ಹಳೇ ದ್ವೇಷ ಎಂದು ಬರೆದಳು. ಅದು ಸುಳ್ಳೆಂದು ಗೊತ್ತಿತ್ತು, ಆದರೆ ತುಂಬ ಆಯಾಸವಾಗಿತ್ತು.

ಹದಿನೈದು ದಿನದ ಮೇಲೆ ಇನೆಜ್ ವರ್ನಾಳ ಹೇಳಿಕೆ ಪಡೆಯಲು ಮತ್ತೆ ರ‍್ಯಾಂಚಿಗೆ ಹೋದಾಗ ವರ್ನಾ ಕಾಫಿ ಕೊಟ್ಟಳು.

"ಓಪಲ್ ಹೆಂಗಿದಾಳೆ?"

"ಕೂಗ್ತಾಳೆ, ದಿನಾ," ಎಂದಳು ವರ್ನಾ. "ಆದ್ರೆ ಈಗ ಮರದ ಕಡೆ ತಿರುಗಲ್ಲ. ಅವತ್ತು ನಿಮ್ಮ ಗಾಡಿ ಹೋಯ್ತಲ್ಲ, ಆ ರಸ್ತೆ ಕಡೆ ತಿರುಗಿ ಕೂಗ್ತಾಳೆ."