ಒಳಹಾಳೆಯ ಚಿರತೆ

ಪಲ್ಲವಿ ಒಳಹಾಳೆ ಓದಿ ಮುಗಿಸುವಷ್ಟರಲ್ಲಿ ಬುಶ್ರಾ ಬಾಗಿಲಲ್ಲಿ ನಿಂತಿದ್ದಳು. ಸಿಂದಗಿಯ ಆ ಓಣಿಯ ವಾಚನಾಲಯಕ್ಕೆ ಬರುವುದು ಒಂದೇ ಪತ್ರಿಕೆ. ಬಾಗಿಲು ತೆರೆದ ಕೂಡಲೇ ಪಲ್ಲವಿ ಅದರ ಒಳಹಾಳೆ ತಂದು, ಕಣ್ಣು ಮಂಜಾದ ನಿವೃತ್ತ ಶಿಕ್ಷಕಿ ಸಿದ್ದೀಕಾ ಅವರ ಮನೆಯಲ್ಲಿ ಕುಳಿತು ಅವರಿಗೆ ದಿನಾ ಓದಿ ಹೇಳುತ್ತಿದ್ದಳು. ಓಣಿಯಲ್ಲಿ ಏನು ಕಳುವಾದರೂ ಜನ ಬರುವುದು ಸಿದ್ದೀಕಾ ಅವರ ಮನೆಗೇ.

ವಾಚನಾಲಯ ನೋಡಿಕೊಳ್ಳುವ ಬುಶ್ರಾಳಿಗೆ ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ. ಅವಳು ನಳಕ್ಕೆ ಹೋಗಿ ಬರುವಷ್ಟರಲ್ಲಿ ಹಿಂದಿನ ಕೋಣೆಯ ಇನ್ವರ್ಟರ್ ಬ್ಯಾಟರಿ ಮಾಯವಾಗಿತ್ತು. ಪಕ್ಕದ ಝೆರಾಕ್ಸ್ ಅಂಗಡಿಯ ಪ್ರೇಮಕುಮಾರ ತಾನು ವಾಚನಾಲಯದಲ್ಲೇ ಕುಳಿತು ಪೇಪರ್ ಓದುತ್ತಿದ್ದೆನೆಂದೂ, ಬುಶ್ರಾಳ ಹೊರತು ಯಾರೂ ಒಳಗೆ ಹೋಗಲಿಲ್ಲವೆಂದೂ ಹೇಳಿದ್ದ. ಅವಳೇ ಕದ್ದಳೆಂದು ಓಣಿಯ ವಾಟ್ಸ್ಯಾಪ್ ಗ್ರೂಪಿಗೂ ಹಾಕಿಬಿಟ್ಟಿದ್ದ. ವಾಚನಾಲಯದ ಅಧ್ಯಕ್ಷ ಬಾಬುಲಾಲ ಅವಳ ಕೀಲಿ ಕಸಿದುಕೊಂಡಿದ್ದರು.

"ಕೆಲಸ ಹೋದ್ರ ಹೋಗ್ಲಿ ಅಕ್ಕೋರ. ಕಳ್ಳಿ ಅನ್ನಿಸ್ಕೊಂಡು ಈ ಓಣ್ಯಾಗ ಹೆಂಗ ಅಡ್ಡಾಡ್ಲಿ?"

ಪಲ್ಲವಿ ಹಾಳೆ ಮಡಚಿಕೊಂಡು ಸಿದ್ದೀಕಾ ಅವರ ಕೈ ಹಿಡಿದು ವಾಚನಾಲಯದತ್ತ ನಡೆದಳು. ಬೆಳಿಗ್ಗೆಯಿಂದ ಕರೆಂಟಿಲ್ಲದೆ ಹಿಟ್ಟಿನ ಗಿರಣಿ ಸುಮ್ಮನಿತ್ತು. ಬುಶ್ರಾಳ ಫೋನು ಮಾತ್ರ ಗ್ರೂಪಿನ ಸಂದೇಶಗಳಿಗೆ ಒಂದೇ ಸಮ ಕಂಪಿಸುತ್ತಿತ್ತು. ತೆಗೆದು ನೋಡಲು ಧೈರ್ಯವಾಗಲಿಲ್ಲ.

ವಾಚನಾಲಯದಲ್ಲಿ ಬಾಬುಲಾಲ ತೊಡೆಯ ಮೇಲೆ ದಪ್ಪ ಬಡಿಗೆ ಇಟ್ಟುಕೊಂಡು ಕುಳಿತಿದ್ದರು. ಸಂಜೆ ಮಗಳನ್ನು ನೋಡಲು ಲಚ್ಯಾಣಕ್ಕೆ ಹೋಗಬೇಕಿತ್ತು. ಅಲ್ಲಿ ಕಬ್ಬಿನ ಹೊಲಕ್ಕೆ ಚಿರತೆ ಹೊಕ್ಕಿದೆಯಂತೆ. ಹೊಲ ಯಾರದೆಂಬುದು ಮರೆತಿತ್ತು, ಆದರೆ ಮೊದಲ ಪುಟದಲ್ಲಿ ಸುದ್ದಿ ಇದ್ದ ಮೂಲೆಯನ್ನು ನೋಡದೆಯೇ ಬೆರಳಿಟ್ಟು ತೋರಿಸಿದರು.

ಪಕ್ಕದಲ್ಲೇ ಕುಳಿತಿದ್ದ ಪ್ರೇಮಕುಮಾರ ನಕ್ಕ. "ಸುಮ್ನ ಬಡಿಗಿ ಹೊತ್ತೀರಿ ಕಾಕಾ. ಅದು ಚಿರತಿ ಅಲ್ಲ, ಕತ್ತೆಕಿರುಬ. ಹಿಡ್ಕೊಂಡೂ ಹೋದ್ರು."

"ಎಲ್ಲಿ ಓದಿದೆಪಾ?" ಸಿದ್ದೀಕಾ ಕೇಳಿದರು.

"ಇದ ಪೇಪರ್‌ನ್ಯಾಗ್ರಿ. ಫೋನು ಅಂಗಡ್ಯಾಗ ಚಾರ್ಜಿಗಿತ್ತು. ಅದರ ಕೆಳಗೇ ಐತಲ್ರಿ, ಹಂಗ ಕೆಳಗ ಹೋದ್ರ..."

ಅವನ ಹೆಬ್ಬೆರಳು ಮೇಜಿನ ಮೇಲೆ ತಾನಾಗಿ ಮೇಲಕ್ಕೆ ಜಾರಿತು. ಪಲ್ಲವಿ ಅದನ್ನು ನೋಡಿ ಮೆಲ್ಲಗೆ ಸಿದ್ದೀಕಾ ಅವರ ಕಿವಿಯಲ್ಲಿ ಹೇಳಿ, ಒಳಹಾಳೆಯನ್ನು ಎಲ್ಲರ ಮುಂದೆ ಬಿಡಿಸಿಟ್ಟಳು.

ಸಿದ್ದೀಕಾ ಒಂದೊಂದಾಗಿ ಬಿಡಿಸಿ ಹೇಳಿದರು. ಮೊದಲ ಪುಟದಲ್ಲಿ ಚಿರತೆಯಷ್ಟೇ ಇತ್ತು. ಸುದ್ದಿ ಮುಂದುವರಿದು ಕತ್ತೆಕಿರುಬ ಬಂದದ್ದು ಏಳನೆಯ ಪುಟದಲ್ಲಿ, ಆ ಪುಟ ಬೆಳಿಗ್ಗೆಯಿಂದ ತಮ್ಮ ಮನೆಯಲ್ಲಿ. ಪೇಪರ್ ಓದಿದ ಬಾಬುಲಾಲರ ತಲೆಯಲ್ಲಿ ಅರ್ಧ ಸುದ್ದಿ ಮತ್ತು ಅದರ ಜಾಗ ಉಳಿದಿತ್ತು. ಕೆಳಗೆ ಸರಿಸುತ್ತ ಹೋದರೆ ಕೊನೆಯವರೆಗೂ ಸಿಗುವುದು ಫೋನಿನಲ್ಲಿ ಮಾತ್ರ. ಅಂದಮೇಲೆ ಇಲ್ಲಿ ಕುಳಿತು ಪೇಪರ್ ಓದುತ್ತಿದ್ದೆ ಎಂಬ ಸಾಕ್ಷಿಯೇ ಸುಳ್ಳು.

"ಇನ್ನೊಂದು ಹೇಳು. ಓಣಿಗೆಲ್ಲ ಕರೆಂಟಿಲ್ಲ. ನಿನ್ನ ಫೋನು ಯಾವುದರ ಮ್ಯಾಲೆ ಚಾರ್ಜ್ ಆಗಾಕತ್ತಿತ್ತು?"

ಬಾಬುಲಾಲ ಎದ್ದು ಅಂಗಡಿಗೆ ಹೋಗಿ ನೋಡಿದರು. ಕಾಗದದ ಪೆಟ್ಟಿಗೆಗಳ ಹಿಂದೆ, ಅಂಗಡಿಯ ಇನ್ವರ್ಟರಿಗೆ ಜೋಡಿಸಿದ, ವಾಚನಾಲಯದ ಹೆಸರು ಬರೆದ ಬ್ಯಾಟರಿ ಇತ್ತು. ಅರ್ಜಿ ತುಂಬುವವರ ಗದ್ದಲದಲ್ಲಿ ಕರೆಂಟಿಲ್ಲದೆ ಅಂಗಡಿ ನಿಲ್ಲಬಾರದೆಂದು ಹಿಂಬಾಗಿಲಿನಿಂದ ಒಯ್ದದ್ದಾಗಿ ಪ್ರೇಮಕುಮಾರ ಒಪ್ಪಿಕೊಂಡ.

ಬಾಬುಲಾಲ ತಲೆ ತಗ್ಗಿಸಿ ಬುಶ್ರಾಳತ್ತ ಕೀಲಿ ಚಾಚಿದರು. ಗ್ರೂಪಿನಲ್ಲಿ ಹಾಕಿದ್ದನ್ನು ಈಗಲೇ ಅಳಿಸುತ್ತೇನೆಂದು ಪ್ರೇಮಕುಮಾರ ಗೋಗರೆದ.

"ಓದಿದವ್ರ ತಲ್ಯಾಗಿಂದ ಅಳಸ್ತೀಯೇನು?" ಬುಶ್ರಾ ಕೇಳಿದಳು. "'ಬ್ಯಾಟರಿ ನಾ ಕದ್ದೇನಿ' ಅಂತ ನೀನ ಹಾಳಿ ಮ್ಯಾಲೆ ಬರಿ. ಬಾಗಲಿಗೆ ಹಚ್ತೇನಿ. ಬಂದವ್ರು ನಿಂತು ಓದ್ಲಿ."

ಪಲ್ಲವಿ ಬಿಳಿ ಹಾಳೆ ಮುಂದಿಟ್ಟಳು. ಅವನ ಸಹಿ ಬೀಳುವವರೆಗೂ ಬುಶ್ರಾ ಕೀಲಿಗೆ ಕೈ ಚಾಚಲಿಲ್ಲ.