ರುಮೆನಾಳ ನೀರಿನ ಪೀಪಾಯಿ

ತ್ರಾಯ್ಚೆ ಕೈಯಲ್ಲಿ ಸ್ಪ್ಯಾನರ್ ಹಿಡಿದು ಹೊಲಿಗೆ ಮಿಶನ್ನುಗಳ ಸಾಲುಗಳ ನಡುವೆ ಬರುತ್ತಿರುವುದನ್ನು ಕಂಡಾಗಲೇ ರುಮೆನಾಳಿಗೆ ಗೊತ್ತಾಯಿತು, ಅವನು ಮಿಶನ್ ರಿಪೇರಿಗೆ ಬರುತ್ತಿಲ್ಲ ಎಂದು. ಹೊಲಿಯುತ್ತಿದ್ದ ಕಾಲರನ್ನು ಅರ್ಧಕ್ಕೇ ಬಿಟ್ಟು ಎದ್ದು, ತನ್ನ ನೀರಿನ ಪೀಪಾಯಿಗೆ ಬೆನ್ನು ಕೊಟ್ಟು ನಿಂತಳು.

"ಧಣಿ ಕಳಿಸಿದ್ರಾ?"

"ಹೂಂ."

"ಇದನ್ನ ಬಿಚ್ಚೋಕೆ?"

"ಹೂಂ."

"ಹಾಗಾದ್ರೆ ಮೊದಲು ನನ್ನನ್ನ ಎತ್ತಿ ಆಚೆ ಇಡು. ಆಮೇಲೆ ಬಿಚ್ಚುವಂತೆ."

ಅಕ್ಕಪಕ್ಕದ ಹೆಂಗಸರು ಮಿಶನ್ ನಿಲ್ಲಿಸಿ ನಕ್ಕರು. "ಎತ್ತಪ್ಪ, ಎತ್ತು, ನೋಡೋಣ ನಿನ್ನ ತೋಳಿನ ಶಕ್ತಿ" ಎಂದಳು ಹಿರಿಯಳಾದ ವಾಸ್ಕಾ. ಕಾರ್ಖಾನೆಗೆಲ್ಲ ಒಬ್ಬನೇ ಮೆಕ್ಯಾನಿಕ್ ತ್ರಾಯ್ಚೆ. ಅವನ ಕಿವಿ ಕೆಂಪಗಾಯಿತು.

ಶ್ಟಿಪ್ ಪಟ್ಟಣದಲ್ಲಿ ಮನೆಗೊಬ್ಬರಾದರೂ ಅಂಗಿ ಹೊಲಿಯುವವರು. ಅವರು ಹೊಲಿದ ಅಂಗಿ ತೊಡುವವರು ಇಟಲಿಯಲ್ಲಿ. ಆ ವರ್ಷ ಬೇಸಿಗೆ ಬೆಂಕಿಯಂತೆ ಬಂತು. ತಗಡಿನ ಸೂರಿನ ಕೆಳಗೆ ಇಸ್ತ್ರಿಪೆಟ್ಟಿಗೆಗಳ ಹಬೆ. ಧಣಿ ಮೆತೋದಿ ಅಂಥ ಹೊತ್ತಿನಲ್ಲೇ ಕುಡಿಯುವ ನೀರಿನ ಯಂತ್ರವನ್ನು ತೆಗೆಸಿ ತನ್ನ ಆಫೀಸಿನಲ್ಲಿ ಇಟ್ಟುಕೊಂಡ. "ಕುಡಿದಷ್ಟೂ ಎದ್ದು ಎದ್ದು ಹೋಗ್ತೀರಿ. ಆರ್ಡರ್ ಮುಗಿಸೋರು ಯಾರು?" ಎಂಬುದು ಅವನ ಮಾತು. ವಾರ ಕಳೆಯುವುದರೊಳಗೆ ವಾಸ್ಕಾ ಮಿಶನ್ನಿನ ಮೇಲೆ ಹಣೆಯಿಟ್ಟು ಪ್ರಜ್ಞೆ ತಪ್ಪಿದಳು.

ಆ ಸಂಜೆಯೇ ರುಮೆನಾ ಬಾಲ್ಕನಿಯಿಂದ ಉಪ್ಪಿನಕಾಯಿಯ ಪ್ಲಾಸ್ಟಿಕ್ ಪೀಪಾಯಿಯನ್ನು ಹೊರಗೆಳೆದಳು. ಮೆಣಸಿನಕಾಯಿಯ ಘಾಟು ಹೋಗುವ ತನಕ ಬಿಸಿನೀರು, ಸೋಡಾ ಹಾಕಿ ಉಜ್ಜಿದಳು. ಒಲೆಯ ಮೇಲೆ ಕೆಂಪಗೆ ಕಾಯಿಸಿದ ಸಲಾಕೆಯಿಂದ ಬುಡದ ಹತ್ತಿರ ತೂತು ಕೊರೆದಳು. ತೀರಿಹೋದ ಅಪ್ಪನ ವೈನ್ ಪೀಪಾಯಿಯಿಂದ ಹಿತ್ತಾಳೆಯ ನಲ್ಲಿ ಬಿಚ್ಚಿ ಅದಕ್ಕೆ ಕೂರಿಸಿದಳು. ನೀರು ತಣ್ಣಗಿರಲೆಂದು ಹಳೆಯ ಉಣ್ಣೆಯ ಕಂಬಳಿ ಕತ್ತರಿಸಿ ಸುತ್ತ ಹೊಲಿದು ಒದ್ದೆ ಮಾಡಿದಳು. ಮುರಿದ ಕುರ್ಚಿಯ ಕಾಲುಗಳೇ ಅದಕ್ಕೆ ಪೀಠವಾದವು. ಬೆಳಿಗ್ಗೆ ಅದನ್ನು ತೊಡೆಯ ಮೇಲಿಟ್ಟುಕೊಂಡು ಶಿಫ್ಟಿನ ಬಸ್ಸಿನಲ್ಲಿ ಕೂತಾಗ ಡ್ರೈವರ್ ಹಾಸ್ಯ ಮಾಡಿದ್ದ, "ಮಗುವಿಗೆ ಹೆಸರಿಟ್ರಾ?" ಅಂತ.

ಈಗ ಆ ಮಗುವಿನ ಮುಂದೆ ತ್ರಾಯ್ಚೆ ಮಂಡಿಯೂರಿದ. ರುಮೆನಾ ಕದಲಲಿಲ್ಲ. ಅವಳ ಕಾಲಿನ ಪಕ್ಕದಿಂದ ಕತ್ತು ಬಾಗಿಸಿ ನಲ್ಲಿಯ ಬುಡವನ್ನೇ ನೋಡಿದ.

"ಸೋರ್ತಾ ಇದೆ" ಎಂದ.

"ಏನು?"

"ವಾಷರ್ ಹಾಕಿಲ್ಲ ನೀವು. ಸ್ವಲ್ಪ ಪಕ್ಕಕ್ಕೆ ಬನ್ನಿ. ನಿಮ್ಮನ್ನ ಎತ್ತಿದ್ರೆ ನಾನು ಬದುಕಿ ಉಳೀತೀನಾ?"

ಜೇಬಿನಲ್ಲಿದ್ದ ಸೈಕಲ್ ಟ್ಯೂಬಿನ ಚೂರನ್ನು ಉರುಟಾಗಿ ಕತ್ತರಿಸಿ ಒಳಗಿಟ್ಟು ನಲ್ಲಿಯನ್ನು ಬಿಗಿದ. ಆಮೇಲೆ ಒಂದು ಲೋಟ ನೀರು ಹಿಡಿದು, ಅವಳ ಮುಖ ನೋಡುತ್ತಲೇ ನಿಧಾನವಾಗಿ ಕುಡಿದ. ಅವನ ರೆಪ್ಪೆಗಳು ಇಷ್ಟು ಉದ್ದವೆಂದು ಅವಳಿಗೆ ಅಂದಿನವರೆಗೂ ಗೊತ್ತಿರಲಿಲ್ಲ.

"ಧಣಿಗೆ ಏನಂತೀಯ?"

"ಸ್ಪ್ಯಾನರ್ ಕೂರಲಿಲ್ಲ ಅಂತೀನಿ."

ಅಂದಿನಿಂದ ಅವಳ ಮಿಶನ್ನಿಗೆ ಎಲ್ಲಿಲ್ಲದ ಕಾಯಿಲೆಗಳು ಶುರುವಾದವು. ಏನೂ ಕೆಡದಿದ್ದರೂ ತ್ರಾಯ್ಚೆ ಬಂದು ಎಣ್ಣೆ ಬಿಡುತ್ತಿದ್ದ.

"ನನ್ನ ಮಿಶನ್ ಚೆನ್ನಾಗೇ ಇದೆ ಕಣೋ."

"ಚೆನ್ನಾಗಿರೋದನ್ನೇ ಆಗಾಗ ನೋಡ್ತಿರಬೇಕು."

"ಮಾತು ಎಲ್ಲಿ ಕಲಿತೆ?"

"ಇಲ್ಲೇ. ನೀವು ನನ್ನನ್ನ ಬೈದು ಬೈದು ಬಂತು."

ಅವಳು ಗಂಡನನ್ನು ಬಿಟ್ಟವಳು. ತ್ರಾಯ್ಚೆಗಿಂತ ಏಳು ವರ್ಷ ದೊಡ್ಡವಳು. ಊರಿನ ಕಾಫಿ ಅಂಗಡಿಗಳಲ್ಲಿ ಇಷ್ಟು ಸಾಕು, ಒಂದು ಬೇಸಿಗೆಯ ಮಾತಿಗೆ. ಒಮ್ಮೆ ಅವಳು ಸೂಜಿಗೆ ದಾರ ಪೋಣಿಸುತ್ತಾ ತಲೆಯೆತ್ತದೆ ಕೇಳಿದಳು, "ನಿಮ್ಮಮ್ಮನಿಗೆ ಗೊತ್ತಾದ್ರೆ?"

"ಏನು ಗೊತ್ತಾಗಬೇಕು?"

"ಏನಿಲ್ಲ" ಎಂದಳು. ದಾರ ಸೂಜಿಯ ಕಣ್ಣಿಗೆ ಹೋಗಲೇ ಇಲ್ಲ.

ಸೋಮವಾರ ಬೆಳಿಗ್ಗೆ ಬಂದಾಗ ಪೀಪಾಯಿ ಕಸದ ತೊಟ್ಟಿಯ ಪಕ್ಕ ಒಡೆದು ಬಿದ್ದಿತ್ತು. ಕಂಬಳಿಯ ಮೇಲೆ ಬೂಟಿನ ಗುರುತು. ನಲ್ಲಿ ಇರಲಿಲ್ಲ. ಅದಿದ್ದ ಜಾಗವನ್ನು ರುಮೆನಾ ಬೆರಳಿನಿಂದ ಮುಟ್ಟಿ ನೋಡಿದಳು. ಕಿತ್ತದ್ದಲ್ಲ, ಸ್ಪ್ಯಾನರ್ ಹಾಕಿ ನೀಟಾಗಿ ಬಿಚ್ಚಿದ್ದು. ಆ ಕಟ್ಟಡದಲ್ಲಿ ಸ್ಪ್ಯಾನರ್ ಇರುವುದು ಒಬ್ಬನ ಹತ್ತಿರ.

ಮಧ್ಯಾಹ್ನದವರೆಗೆ ಅವನನ್ನು ಹತ್ತಿರ ಬಿಟ್ಟುಕೊಳ್ಳಲಿಲ್ಲ. ಊಟದ ಹೊತ್ತಿಗೆ ಅವನೇ ಬಂದು ಮೇಜಿನ ಮೇಲೆ ಅಪ್ಪನ ಹಿತ್ತಾಳೆ ನಲ್ಲಿಯನ್ನು ಇಟ್ಟ.

"ಶನಿವಾರ ನೀವೆಲ್ಲ ಹೋದ ಮೇಲೆ ಮೆತೋದಿ ಅದನ್ನ ಒದೀತಾ ಇದ್ದ. ನಾನು ಓಡಿ ಬರೋಷ್ಟರಲ್ಲಿ ಪೀಪಾಯಿ ಒಡೆದುಹೋಗಿತ್ತು. ಇದನ್ನಾದ್ರೂ ಉಳಿಸೋಣ ಅಂತ ಬಿಚ್ಚಿ ತಂದೆ. ಅಪ್ಪನದು ಅಂದಿದ್ರಲ್ಲ."

ಬೆಳಿಗ್ಗೆಯಿಂದ ಮನಸ್ಸಿನಲ್ಲೇ ಅವನಿಗೆ ಹಾಕಿದ್ದ ಶಾಪಗಳನ್ನೆಲ್ಲ ಅವಳು ನುಂಗಿಕೊಂಡಳು. "ಬೆಳಿಗ್ಗೆನೇ ಹೇಳೋಕೇನಾಗಿತ್ತು?"

"ನೀವು ಕಣ್ಣಲ್ಲೇ ಸುಡ್ತಾ ಇದ್ರಿ. ಹತ್ತಿರ ಬರೋಕೆ ಭಯ ಆಯ್ತು. ಇನ್ನೊಂದು ತಂದಿದೀನಿ, ನಾನೇ ಮಾಡಿದ್ದು."

ಬಟ್ಟೆ ಸೋಪಿನ ಪುಡಿಯ ದೊಡ್ಡ ಡಬ್ಬಕ್ಕೆ ಕೆಟ್ಟ ವಾಷಿಂಗ್ ಮಿಶನ್ನಿನ ರಬ್ಬರ್ ಪೈಪು ಸಿಕ್ಕಿಸಿ, ಬಟ್ಟೆಯ ಕ್ಲಿಪ್ಪಿನಿಂದ ಬಾಯಿ ಮುಚ್ಚಿದ್ದ. ಕ್ಲಿಪ್ ಒತ್ತಿದರೆ ನೀರು. ರುಮೆನಾ ಗಂಭೀರವಾಗಿ ಒಂದು ಲೋಟ ಹಿಡಿದು ಬಾಯಿಗೆ ಹಾಕಿಕೊಂಡಳು. ಮರುಕ್ಷಣ ಅವಳ ತುಟಿಯ ತುದಿಯಲ್ಲಿ ನೊರೆಯ ಗುಳ್ಳೆಯೊಂದು ಉಬ್ಬಿ ಒಡೆಯಿತು.

"ಡಬ್ಬ ತೊಳೆದೆಯಾ?"

"ತೊಳೆದೆ. ಎರಡು ಸಲ."

ಅವಳಿಗೆ ನಗು ತಡೆಯಲಾಗಲಿಲ್ಲ. ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಅವನು ತನ್ನ ತೋಳಿನ ಬಟ್ಟೆಯಿಂದಲೇ ಅವಳ ತುಟಿಯ ನೊರೆಯನ್ನು ಒರೆಸಿದ. ಒರೆಸಿದ ಮೇಲೂ ಕೈ ಅಲ್ಲೇ ಒಂದು ಗಳಿಗೆ ನಿಂತಿತು.

"ಇನ್ನು 'ನೀವು' ಅನ್ನಬೇಡ. ಸೋಪು ಕುಡಿಸಿದವನ ಬಾಯಲ್ಲಿ ಮರ್ಯಾದೆ ಒಪ್ಪಲ್ಲ" ಎಂದಳು ರುಮೆನಾ.

"ಆಯ್ತು, ನೀನು" ಎಂದ. ಆ ಒಂದು ಮಾತನ್ನು ಎಷ್ಟೋ ದಿನ ಬಾಯಲ್ಲೇ ಇಟ್ಟುಕೊಂಡಿದ್ದವನ ದನಿ ಅದು.

ಮಾರನೆಯ ದಿನ ಹೆಂಗಸರು ಯಾರೂ ಬರಿಗೈಯಲ್ಲಿ ಬರಲಿಲ್ಲ. ವಾಸ್ಕಾ ಹಾಲಿನ ಕ್ಯಾನಿಗೆ ನಲ್ಲಿ ಹಾಕಿಸಿ ತಂದಿದ್ದಳು. ಒಬ್ಬಳ ಕೈಯಲ್ಲಿ ಹೂಗಿಡಕ್ಕೆ ನೀರು ಹಾಕುವ ಝಾರಿ, ಇನ್ನೊಬ್ಬಳ ಬಳಿ ಆಲಿವ್ ಎಣ್ಣೆಯ ಡಬ್ಬ. ರುಮೆನಾ ಅಪ್ಪನ ನಲ್ಲಿಯನ್ನು ಹೊಸ ಪೀಪಾಯಿಗೆ ಕೂರಿಸಿಕೊಂಡು ಬಂದಿದ್ದಳು. ಸಾಲು ಸಾಲಿನಲ್ಲೂ ನೀರಿನ ಸದ್ದು.

ಮೆತೋದಿ ಬಾಗಿಲಲ್ಲಿ ನಿಂತು ಕೂಗಿದ, "ಯಾರದು ಈ ಕೆಲಸ? ಶುರು ಮಾಡಿದವರು ಈಗಲೇ ಮನೆಗೆ ಹೋಗಬಹುದು."

ರುಮೆನಾ ಏಳುವ ಮೊದಲೇ ತ್ರಾಯ್ಚೆ ಮುಂದೆ ಬಂದ. "ನಾನು. ಎಲ್ಲ ನಾನೇ ಮಾಡಿದ್ದು. ಇವರದೇನೂ ತಪ್ಪಿಲ್ಲ."

"ಸುಳ್ಳು" ಎಂದು ರುಮೆನಾ ಎದ್ದು ನಿಂತಳು. "ಇವನು ಮಾಡಿದ ಡಬ್ಬದಲ್ಲಿ ನೊರೆ ಬರತ್ತೆ. ಈ ನೀರು ಕುಡಿದು ನೋಡಿ, ನೊರೆ ಇಲ್ಲ. ಇದು ನನ್ನದು."

"ಸುಮ್ಮನಿರು. ನಿನ್ನ ಕೆಲಸ ಹೋಗತ್ತೆ" ಎಂದ ಅವನು ಮೆಲ್ಲಗೆ.

"ಹೋಗಲಿ. ನನ್ನ ತಪ್ಪನ್ನ ಹೊತ್ಕೊಳ್ಳೋಕೆ ನೀನು ಯಾರು?"

"ನಿನ್ನ ಮೇಲೆ ಜೀವ ಇಟ್ಕೊಂಡಿರೋನು."

ಇಡೀ ಕಾರ್ಖಾನೆಯಲ್ಲಿ ಒಂದು ಮಿಶನ್ನೂ ಓಡುತ್ತಿರಲಿಲ್ಲ. ಮಾತು ಕೊನೆಯ ಸಾಲಿನವರೆಗೂ ಕೇಳಿಸಿತು. ರುಮೆನಾ ಅವನನ್ನು ಮೇಲಿಂದ ಕೆಳಗೆ ನೋಡಿದಳು. "ಇದನ್ನ ಹೇಳೋಕೆ ಇಷ್ಟು ಜನ ಬೇಕಿತ್ತಾ?"

"ಒಬ್ಬಳೇ ಇದ್ದಾಗ ನೀನು ಮಾತು ಮರೆಸ್ತೀಯ."

ಅವಳು ಏಪ್ರನ್ ಬಿಚ್ಚಿ ಮಿಶನ್ನಿನ ಮೇಲಿಟ್ಟಳು. "ಹಾಗಾದ್ರೆ ಇಬ್ಬರೂ ಹೋಗೋಣ ನಡಿ. ಧಣಿ, ಪೀಪಾಯಿ ಇಲ್ಲೇ ಇರತ್ತೆ. ಇನ್ನೊಂದು ಸಲ ಒದ್ದರೆ ಇನ್ನೊಂದು ಬರತ್ತೆ. ಊರಲ್ಲಿ ಉಪ್ಪಿನಕಾಯಿ ಹಾಕದ ಮನೆ ಇಲ್ಲ."

ಇಬ್ಬರೂ ಗೇಟು ದಾಟುವಷ್ಟರಲ್ಲಿ ಹಿಂದಿನಿಂದ ಕುರ್ಚಿಗಳು ಸರಿದ ಸದ್ದು. ಹೆಂಗಸರೆಲ್ಲ ತಮ್ಮ ತಮ್ಮ ಡಬ್ಬ, ಝಾರಿ ಹಿಡಿದು ಅಂಗಳದ ಮರದ ನೆರಳಿಗೆ ಬಂದು ಕೂತರು. ಅಂಗಿ ಒಯ್ಯಲು ಇಟಲಿಯ ಲಾರಿ ಬರುವ ವಾರ ಅದು.

ಬೀದಿಯಲ್ಲಿ ತ್ರಾಯ್ಚೆ ಅವಳ ಕೈ ಹಿಡಿದ. ಕಾಫಿ ಅಂಗಡಿಗಳ ಮುಂದೆ ಕುಳಿತವರ ಕಪ್ಪುಗಳು ಅರ್ಧ ದಾರಿಯಲ್ಲೇ ನಿಂತವು. ರುಮೆನಾ ಕೈ ಎಳೆದುಕೊಳ್ಳಲು ನೋಡಿದಳು. ಮತ್ತೆ ಮನಸ್ಸು ಬದಲಿಸಿ, ಅವನ ಬೆರಳುಗಳ ನಡುವೆ ತನ್ನ ಬೆರಳುಗಳನ್ನು ಸೇರಿಸಿದಳು. ನೋಡುವುದಾದರೆ ಚೆನ್ನಾಗಿಯೇ ನೋಡಲಿ.

ಸಂತೆಯ ಹತ್ತಿರ ಬಂದಾಗ ವಾಸ್ಕಾಳ ಫೋನು ಬಂತು. "ಮೆತೋದಿ ದಾರಿಗೆ ಬಂದ ಕಣೇ. ನೀರು ಇಟ್ಕೊಳ್ಳಿ ಅಂತಾನೆ. ನೀವಿಬ್ಬರೂ ಈಗಲೇ ವಾಪಸ್ ಬರಬೇಕಂತೆ."

"ನಾಳೆ ಬರ್ತೀವಿ ಅನ್ನು. ಇವತ್ತು ನಮಗೆ ಬೇರೆ ಕೆಲಸ ಇದೆ" ಎಂದು ರುಮೆನಾ ಫೋನಿಟ್ಟಳು.

ಆ ಬೇರೆ ಕೆಲಸ ಸಂತೆಯ ಕೊನೆಯಲ್ಲಿ ಕೆಂಪು ಮೆಣಸಿನಕಾಯಿ ಮಾರುತ್ತಾ ಕೂತಿತ್ತು. ತ್ರಾಯ್ಚೆಯ ತಾಯಿ ಮೊದಲು ಇಬ್ಬರ ಕೈಗಳನ್ನು ನೋಡಿದಳು, ಆಮೇಲೆ ರುಮೆನಾಳ ಮುಖವನ್ನು.

"ನಿನಗೆ ವಯಸ್ಸೆಷ್ಟಮ್ಮ?"

"ಇವನಿಗಿಂತ ಏಳು ಜಾಸ್ತಿ" ಎಂದಳು ರುಮೆನಾ. "ಒಂದು ಮದುವೆ ಮಾಡ್ಕೊಂಡು ಬಿಟ್ಟಿದೀನಿ. ಬೆಳಿಗ್ಗೆ ಕೆಲಸ ಹೋಗಿತ್ತು, ಈಗ ತಾನೇ ಬಂತು. ಇವನನ್ನ ಬಿಡೋಕೆ ಮನಸ್ಸಿಲ್ಲ. ಇನ್ನೇನಾದ್ರೂ ಕೇಳೋದಿದ್ರೆ ಕೇಳಿ, ಅತ್ತೆ."

ಮುದುಕಿ ತಕ್ಕಡಿಯ ಮೇಲಿದ್ದ ಮೆಣಸಿನಕಾಯಿಯನ್ನು ಬುಟ್ಟಿಗೆ ಸುರಿದಳು.

"ಇವನು ಗೊರಕೆ ಹೊಡೀತಾನೆ. ಗೊತ್ತಾ?"

"ಇಲ್ಲ."

"ಗೊತ್ತಾಗತ್ತೆ" ಎಂದು, ಪಕ್ಕದಲ್ಲಿದ್ದ ಮರದ ಪೆಟ್ಟಿಗೆಯನ್ನು ಮಗುಚಿ, ತಲೆವಸ್ತ್ರದ ತುದಿಯಿಂದ ಧೂಳು ಒರೆಸಿ ಅವಳ ಕಡೆ ತಳ್ಳಿದಳು. "ಕೂತ್ಕೋ. ಬಿಸಿಲಲ್ಲಿ ನಿಂತಿದೀಯ."